ಗರಗಸದ ಪಕ್ಕದ ಹಲಗೆ

ಬಿಸ್ಮಿಲ್ಲಾ ಬೀ ಮಾನ್ವಿಯಿಂದ ಗೂಡ್ಸ್ ಆಟೋದಲ್ಲಿ ಆ ಹಲಗೆಯನ್ನು ತಂದು ರಾಯಚೂರಿನ ಮನೆಯ ಮುಂದೆ ಇಳಿಸಿದಾಗ, ಹುಮೇರಾ ಹೊಸ್ತಿಲ ಮೇಲೆ ಕುಳಿತು ಮಗಳಿಗೆ ಅನ್ನ ಉಣಿಸುತ್ತಿದ್ದಳು. ಅದೇನೆಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಆಳುದ್ದದ ಸಾಗವಾನಿ ಹಲಗೆ, ನೀರು ಕುಡಿದು ಕುಡಿದು ಬೂದಿ ಬಣ್ಣಕ್ಕೆ ತಿರುಗಿತ್ತು. ನೀರು ಇಳಿದುಹೋಗಲು ನಡುವೆ ಒಂದು ತೂತು. ಮಸೀದಿಯ ಹಿಂದಿನ ಗೋಡೆಗೆ ಒರಗಿ ನಿಂತಿರುತ್ತಿದ್ದ ತಖ್ತಾ ಅದು. ಸತ್ತವರನ್ನು ಮಲಗಿಸಿ ಕೊನೆಯ ಸ್ನಾನ ಮಾಡಿಸುವ ಹಲಗೆ.

ಬಿಸ್ಮಿಲ್ಲಾ ಬೀ ಅವಳ ಅತ್ತೆ. ಮಾನ್ವಿಯ ಆ ಓಣಿಗಳಲ್ಲಿ ಯಾವ ಹೆಣ್ಣುಮಗಳು ತೀರಿಕೊಂಡರೂ ಮೈ ತೊಳೆದು ಕಫನ್ ಉಡಿಸಲು ಹೋಗುವವರು ಅವರೇ.

“ಆ ಕಡಿ ಹಿಡಿ ಬೇಟಾ. ಕಲ್ಲಿನಂಗ ಭಾರ ಅದ.”

“ಕೈ ಎಂಜಲ ಅದ ಅಮ್ಮೀ,” ಎಂದು ಹುಮೇರಾ ಮಗಳನ್ನು ಎತ್ತಿಕೊಂಡು ಒಳಗೆ ಸರಿದಳು. ಕೈ ತೊಳೆಯಲು ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ಗಂಡ ಮುಕರ್ರಂ ಓಡಿಬಂದು ಹಲಗೆಗೆ ಹೆಗಲು ಕೊಟ್ಟಿದ್ದ.

ಮಸೀದಿಗೆ ಯಾರೋ ಹೊಸದಾಗಿ ಸ್ಟೀಲಿನ ತಖ್ತಾ ಕೊಡಿಸಿದ್ದರು. ಹಳೆಯದನ್ನು ಯಾರೂ ಬೇಕೆನ್ನಲಿಲ್ಲ, ಒಡೆದು ಉರಿಸಲೂ ಮನಸ್ಸು ಬರಲಿಲ್ಲ. ಕೊನೆಗೆ ಜಮಾತಿನ ಹಿರಿಯರೇ, “ನೀವು ಒಯ್ರಿ ಬೀ, ನಿಮ್ಮಷ್ಟು ಇದರ ಜೋಡಿ ಇದ್ದೋರು ಯಾರಿದ್ದಾರ?” ಅಂದಿದ್ದರು. ಬಿಸ್ಮಿಲ್ಲಾ ಬೀಗೆ ಆಗಲೇ ಮಗನ ನೆನಪಾಗಿತ್ತು.

ಮುಕರ್ರಂ ಬಡಗಿ. ಮನೆಯ ಮುಂದಿನ ಪಡಸಾಲೆಯೇ ಅವನ ಕಾರ್ಖಾನೆ. ಅದರ ನಡುವೆ ಗರಗಸದ ಮೇಜು ಕುಳಿತುಬಿಟ್ಟರೆ ಗಿರಾಕಿಗಳು ಬೀದಿಯಲ್ಲೇ ನಿಂತು ಮಾತಾಡಬೇಕು. ಕಪಾಟಿನ ಬಾಗಿಲಿಗೆ ಗಾಡಿ ಎಂಬ ಉದ್ದನೆಯ ತೋಡು ಕೊರೆಯಲು, ಅಂಚಿಗೆ ಬಳುಕು ಕೊಡಲು ಅವನ ಹತ್ತಿರ ಅಲಗು ಗಿರ್ರನೆ ತಿರುಗಿ ಮರ ಕೊರೆಯುವ ರೌಟರ್ ಮಷೀನು ಇತ್ತು. ಆದರೆ ಸಣ್ಣ ಪಟ್ಟಿಗಳ ಮೇಲೆ ಅದನ್ನು ಕೈಯಲ್ಲಿ ಹಿಡಿದು ಓಡಿಸಿದರೆ ಗೆರೆ ಅಲುಗುತ್ತಿತ್ತು. ರೌಟರಿಗೆ ಬೇರೆ ಮೇಜು ಹಾಕೋಣವೆಂದರೆ ಜಾಗವೆಲ್ಲಿ? “ತೊಟ್ಟಲಾ ಬೀದ್ಯಾಗ ಕಟ್ಟಬೇಕಾಗ್ತದ ಅಷ್ಟೇ,” ಎಂದು ಹುಮೇರಾ ನಕ್ಕಿದ್ದಳು. ಅದಕ್ಕೆ ಅವನೊಂದು ಉಪಾಯ ಹೂಡಿದ್ದ. ಗರಗಸದ ಮೇಜಿನ ಬಲಗಡೆ ಚಾಚಿಕೊಂಡ ತಗಡಿನ ರೆಕ್ಕೆ ಬಿಚ್ಚಿ, ಅದೇ ಮಟ್ಟಕ್ಕೆ ಒಂದು ಹಲಗೆ ಜೋಡಿಸಿ, ಅದರ ಅಡಿಯಲ್ಲಿ ರೌಟರನ್ನು ತಲೆಕೆಳಗಾಗಿ ತೂಗುಹಾಕುವುದು. ಅಲಗು ಮಾತ್ರ ತೂತಿನಿಂದ ಮೇಲೆ ಇಣುಕಬೇಕು. ಒಂದೇ ಮೇಜು, ಎರಡು ಕೆಲಸ.

ಮೊದಲು ಪ್ಲೈವುಡ್ಡಿನಲ್ಲಿ ಮಾಡಿದ. ಮೇಲೆ ಸನ್‌ಮೈಕಾ ಅಂಟಿಸಿದ. ಕಣ್ಣಿಗೆ ಚೆನ್ನಾಗಿಯೇ ಇತ್ತು. ಆದರೆ ರೌಟರಿನ ಭಾರಕ್ಕೆ ಅದು ಬರಬರುತ್ತ ನಡುವೆ ಕೂದಲೆಳೆಯಷ್ಟು ತಗ್ಗಿತು. ಗಾಡಿ ಒಂದು ತುದಿಗೆ ಆಳ, ಇನ್ನೊಂದು ತುದಿಗೆ ತೇಲು. ಸಿರವಾರಕ್ಕೆ ಕಳಿಸಿದ ಕಪಾಟಿನ ಬಾಗಿಲುಗಳು ಮುಚ್ಚಲಾರದೆ ಲಾರಿ ಹತ್ತಿ ವಾಪಸು ಬಂದವು. ಆವತ್ತು ಅವನು ತಾಯಿಗೆ ಫೋನು ಮಾಡಿ ಸಂಕಟ ಹೇಳಿಕೊಂಡಿದ್ದ.

“ಪ್ಲೈವುಡ್ ಬಾಗ್ಯದ ಅಂತ ಅಳಾಕತ್ತಿದ್ದಿ ಅಲ್ಲ? ತಗೋ. ಇದು ಬಾಗಂಗಿಲ್ಲ. ಎಷ್ಟು ಮಂದಿನ್ನ ಹೊತ್ತದ, ಒಂದಿನ ಕಿರ್ರ್ ಅಂದಿಲ್ಲ,” ಎಂದರು ಬಿಸ್ಮಿಲ್ಲಾ ಬೀ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ.

“ಅವರೆಲ್ಲ ಅಲುಗಾಡ್ಲಾರದ ಮಲಗಿದೋರು ಅಮ್ಮೀ. ರೌಟರ್ ಹಂಗಲ್ಲ, ಗುರ್ರ್ ಅಂತದ.”

“ಜೀವ ಇದ್ದಾಗ ಗುರ್ರ್ ಅಂದೋರೇ ಎಲ್ಲಾರೂ. ನಿಮ್ಮಪ್ಪ ಏನು ಕಡಿಮಿ ಗುರ್ರ್ ಅಂತಿದ್ರಾ?”

ತಾಯಿ ಮಗ ಇಬ್ಬರೂ ನಕ್ಕರು. ಹುಮೇರಾಳಿಗೆ ನಗು ಬರಲಿಲ್ಲ. ಮಗಳು ಅಂಬೆಗಾಲಿಡುವ ಪಡಸಾಲೆ ಅದು. ಅವಳ ಕಣ್ಣು ಆ ತೂತಿನ ಮೇಲೆಯೇ ಇತ್ತು.

ಮುಕರ್ರಂ ರಂದಾ ಹೊಡೆದು ಮೇಲ್ಪದರ ಹೆರೆದ. ಬೂದಿ ಬಣ್ಣದ ಕೆಳಗಿನಿಂದ ಜೇನಿನಂಥ ಬಣ್ಣ ಎದ್ದು ಬಂತು. ನೀರು, ಬಿಸಿಲು, ಮತ್ತೆ ನೀರು ಎಂದು ವರ್ಷಗಟ್ಟಲೆ ಉಬ್ಬಿ ಇಳಿದು, ಇನ್ನು ಉಬ್ಬುವುದು ಇಳಿಯುವುದು ಏನೂ ಉಳಿದಿರಲಿಲ್ಲ ಆ ಮರಕ್ಕೆ. ತೂತು ಮೇಜಿನ ನಡುವೆ ಬರುವ ಹಾಗೆ ನೋಡಿ ಹಲಗೆಯನ್ನು ಕೊಯ್ದ. ಉಳಿದ ತುಂಡನ್ನು ಅಡಿಗೆ ಅಂಟಿಸಿ ಬಲ ಕೊಟ್ಟ. ರೌಟರಿನ ಅಲಗು ಬರಲು ಹೊಸ ತೂತು ಬೇಕಿರಲಿಲ್ಲ. ನೀರಿನ ತೂತನ್ನೇ ಅಗಲ ಮಾಡಿದ. ಸುತ್ತ ತಗ್ಗು ತೆಗೆದು ಅಲ್ಯುಮಿನಿಯಂ ತಗಡು ಕೂರಿಸಿ, ಅದರ ಕೆಳಗೆ ರೌಟರ್ ಕಟ್ಟಿದ. ಕಬ್ಬಿಣದ ಪಟ್ಟಿ, ಬೋಲ್ಟು ಹಾಕಿ ಗರಗಸಕ್ಕೆ ಬಿಗಿದ.

ಮಟ್ಟ ನೋಡುವುದು ಮಾತ್ರ ಇಬ್ಬರ ಕೆಲಸ. ಅವನು ಎರಡೂ ಮೇಜಿನ ಮೇಲೆ ನೇರವಾದ ಕಬ್ಬಿಣದ ಪಟ್ಟಿ ಅಡ್ಡ ಇಟ್ಟು ಒತ್ತಿ ಹಿಡಿಯುತ್ತಿದ್ದ. ಹುಮೇರಾ ಪತ್ರಿಕೆಯ ಚೂರನ್ನು ಪಟ್ಟಿಯ ಕೆಳಗೆ ತೂರಿಸಿ ಎಳೆಯುತ್ತಿದ್ದಳು. ಕಾಗದ ಸಲೀಸಾಗಿ ಬಂದರೆ ಅಲ್ಲಿ ತಗ್ಗಿದೆ ಎಂದು ಅರ್ಥ.

“ಬಂತೇನು?”

“ಬಂತು.”

ಅವನು ಕೆಳಗೆ ಬಗ್ಗಿ ಬೋಲ್ಟು ತಿರುಗಿಸಿದ. “ಈಗ?”

“ಹಿಡಿದದ.”

“ಇನ್ನ ಆ ಮೂಲ್ಯಾಗ ಎಳಿ.”

ಅವಳು ಎಳೆದಳು. ಎಳೆಯುವಾಗಲೆಲ್ಲ ಕಾಗದದ ಒಂದು ತುದಿಯನ್ನು ಮಾತ್ರ ಉಗುರಿನಲ್ಲಿ ಹಿಡಿದು, ಬೆರಳು ಮರಕ್ಕೆ ತಾಗದ ಹಾಗೆ ಎಳೆದಳು. ತಲೆ ಎತ್ತಿದಾಗ ಅತ್ತೆ ಅವಳ ಬೆರಳನ್ನೇ ನೋಡುತ್ತಿದ್ದರು. ನೋಡಿದವರು ಹಾಗೇ ಮಗುವಿನ ಮೂಗು ಒರೆಸಲು ಬಗ್ಗಿದರು.

ಬಿಸ್ಮಿಲ್ಲಾ ಬೀ ಬಚ್ಚಲಿಗೆ ಹೋದ ಹೊತ್ತು ನೋಡಿ ಹುಮೇರಾ ಗಂಡನಿಗೆ ಪಿಸುಗುಟ್ಟಿದಳು. “ಇದು ಏನಂತ ಯಾರ ಮುಂದನೂ ಬಾಯಿ ಬಿಡಬ್ಯಾಡ್ರಿ. ಮದಿವಿ ಮಂಚ ಮಾಡಿಸಾಕ ಬರೋರು ಕೇಳಿದ್ರ ಹೊಳ್ಳಿ ನೋಡಂಗಿಲ್ಲ. ಮತ್ತ ಅಮ್ಮಿ ಕೆಲಸದ ಸುದ್ದಿನೂ ಈ ಓಣ್ಯಾಗ ಬ್ಯಾಡ.”

“ಅಮ್ಮಿ ಏನು ಕಳ್ಳತನ ಮಾಡಾಕತ್ತಾರೇನು?”

“ನಾ ಹಂಗ ಅಂದೆನಾ?”

ಬಚ್ಚಲಿನ ಬಾಗಿಲು ಅಷ್ಟು ಹತ್ತಿರವಿತ್ತು ಎನ್ನುವುದನ್ನು ಅವಳು ಮರೆತಿದ್ದಳು. ಮುಖ ಒರೆಸಿಕೊಳ್ಳುತ್ತ ಹೊರಬಂದ ಬಿಸ್ಮಿಲ್ಲಾ ಬೀ, “ನಾನೂ ಹೇಳಂಗಿಲ್ಲ ಬಿಡು ಬೇಟಾ,” ಎಂದರು. ಕೋಪವಿಲ್ಲ, ಕೊಂಕಿಲ್ಲ. ಅದೇ ಹುಮೇರಾಳ ಮುಖಕ್ಕೆ ಕೆಂಡ ತಾಗಿಸಿದಂತಾಯಿತು.

ಹಲಗೆ ಮಾತ್ರ ಹೇಳಿದಂತೆಯೇ ನಡೆದುಕೊಂಡಿತು. ಮರದ ಪಟ್ಟಿಯನ್ನು ಮುಕರ್ರಂ ಬಲದಿಂದ ಎಡಕ್ಕೆ ನೂಕಿದರೆ, ಆಚೆ ನಿಂತ ಹುಮೇರಾಳ ಕೈಗೆ ಅದು ತುದಿಯಿಂದ ತುದಿಗೆ ಒಂದೇ ಆಳದ ಗಾಡಿ ಹೊತ್ತು ಬರುತ್ತಿತ್ತು. ಸಿರವಾರದ ಬಾಗಿಲುಗಳನ್ನು ಹೊಸದಾಗಿ ಮಾಡಿ ಕಳಿಸಿದ. ಅವು ಮುಚ್ಚಿದವು. ಮುಚ್ಚಿದವೆಂದು ಗಿರಾಕಿ ಫೋನು ಮಾಡಿ ಹೇಳಿದ ದಿನ ಮುಕರ್ರಂ ಮಗಳನ್ನು ಎತ್ತಿ ಗಿರಗಿರನೆ ತಿರುಗಿಸಿದ.

ಆ ಬಾಗಿಲುಗಳನ್ನು ನೋಡಿಯೇ ದೇವದುರ್ಗದ ಆತಿಯಾ ಬಂದದ್ದು. ಆಕೆಯ ಮಗಳು ನೌಶೀನಳ ಮದುವೆ ಗೊತ್ತಾಗಿತ್ತು. ಮಂಚ, ಕನ್ನಡಿಯ ಮೇಜು, ಎರಡು ಕಪಾಟು ಬೇಕಿದ್ದವು. ಮುಕರ್ರಂ ಇಷ್ಟು ದೊಡ್ಡ ಕೆಲಸ ಹಿಡಿದವನಲ್ಲ. ಹುಮೇರಾ ಒಳ್ಳೆಯ ಕಪ್ಪುಗಳನ್ನು ತೆಗೆದು ಚಹಾ ಕೊಟ್ಟಳು. ಊರಿಂದ ಮೊಮ್ಮಗಳನ್ನು ನೋಡಲು ಬಂದಿದ್ದ ಬಿಸ್ಮಿಲ್ಲಾ ಬೀ ಮೂಲೆಯಲ್ಲಿ ಮರದ ಹೊಟ್ಟು ತುಂಬುತ್ತಿದ್ದರು.

ಆತಿಯಾ ಮಿಠಾಯಿಯ ಡಬ್ಬಿಯನ್ನು ರೌಟರಿನ ಹಲಗೆಯ ಮೇಲೇ ಇಟ್ಟಳು. ಇಟ್ಟವಳು ಅಂಗೈಯಿಂದ ಮರವನ್ನು ಸವರಿದಳು.

“ಎಷ್ಟು ನುಣುಪು! ಇಂಥಾ ಸಾಗವಾನಿ ಈಗೆಲ್ಲಿ ಸಿಗ್ತದ? ಎಲ್ಲಿಂದ ತಂದ್ರಿ?”

ಮುಕರ್ರಂ ಬಾಯಿ ತೆರೆಯುವಷ್ಟರಲ್ಲಿ ಹುಮೇರಾ ನಡುವೆ ಬಿದ್ದಳು. “ಹಳೀ ಮನಿ ಬಾಗ್ಲದ್ರಿ. ದೇವದುರ್ಗದ ಕಡಿ ಒಂದು ಮನಿ ಕೆಡವಿದ್ರು, ಅಲ್ಲಿಂದ.”

“ದೇವದುರ್ಗದಾಗಾ? ಯಾರ ಮನಿ? ನಮ್ಮೂರಾಗ ನನಗ ಗೊತ್ತಿಲ್ದಂಗ ಯಾರು ಮನಿ ಕೆಡವಿದ್ರು?” ಆತಿಯಾ ಕುತೂಹಲದಿಂದಲೇ ಕೇಳಿದಳು.

ಅವಸರದಲ್ಲಿ ಆಕೆಯದೇ ಊರಿನ ಹೆಸರು ಬಾಯಿಗೆ ಬಂದದ್ದು ಹುಮೇರಾಳಿಗೆ ಈಗ ಹೊಳೆಯಿತು. ಗಂಡನ ಕಡೆ ನೋಡಿದಳು. ಅವನು ಅಳತೆಯ ಟೇಪನ್ನು ಎಳೆಯುತ್ತ ಬಿಡುತ್ತ ನಿಂತಿದ್ದ. ಆಗ ಮೂಲೆಯಿಂದ ದನಿ ಬಂತು.

“ದೇವದುರ್ಗದ್ದಲ್ಲ ಬೀ. ಈಕಿಗೆ ಗೊತ್ತಿಲ್ಲ. ಮಾನ್ವ್ಯಾಗಿನ ನಮ್ಮ ಮನಿ ಬಾಗ್ಲ ಅದು.”

“ನನ್ನ ತವರುಮನಿನೂ ಮಾನ್ವಿನೇ! ಯಾವ ಓಣ್ಯಾಗ್ರಿ ನೀವು?”

“ಅಲ್ಲೇ... ಬಸ್‌ಸ್ಟ್ಯಾಂಡ್ ಕಡಿ,” ಎಂದು ಬಿಸ್ಮಿಲ್ಲಾ ಬೀ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಮತ್ತೆ ಹೊಟ್ಟಿನ ಚೀಲಕ್ಕೆ ಬಗ್ಗಿದರು.

ಮಾತು ಮಂಚದ ಕಡೆ ಹೊರಳಿತು. ಕೆಲಸ ಕುದುರಿತು. ಆತಿಯಾ ಹೋದಮೇಲೆ ಮುಕರ್ರಂ ಯಾರ ಮುಖವನ್ನೂ ನೋಡದೆ ಮಷೀನು ಹಚ್ಚಿದ. ಹುಮೇರಾ ಅತ್ತೆಯ ಹತ್ತಿರ ಹೋಗಿ ನಿಂತಳು. “ಚಹಾ ಕುಡೀತೀರೇನು ಅಮ್ಮೀ?” ಅಂದಳು.

“ಆ ಹುಡುಗಿ ನನಗ ಗುರ್ತು ಹತ್ತಿತು,” ಎಂದರು ಬಿಸ್ಮಿಲ್ಲಾ ಬೀ. ಮದುವೆಯ ವಯಸ್ಸಿನ ಮಗಳಿದ್ದ ಆತಿಯಾ ಅವರಿಗಿನ್ನೂ ಹುಡುಗಿಯೇ. “ಆಕಿ ನಾನಿನ್ನ, ತಾಯಿ ತಾಯಿನ್ನ, ನಾನೇ ತೊಳದೀನಿ. ಇಷ್ಟೇ ಇದ್ಲು ಈಕಿ, ಪರದೆ ಹಿಡ್ಕೊಂಡು ಅಳಾಕತ್ತಿದ್ಲು. ಗುರ್ತು ಹಿಡಿದ್ರ ನಿನ್ನ ಕೆಲಸ ಹೋಗ್ತದ ಅಂತ ಸೆರಗ ಎಳ್ಕೊಂಡೆ.”

ಆ ಸಂಜೆಯ ಬಸ್ಸಿಗೇ ಅವರು ಮಾನ್ವಿಗೆ ಹೊರಟರು. ಎರಡು ದಿನ ಇರುತ್ತೇನೆಂದು ಬಂದವರು. ಊರಲ್ಲಿ ಕೆಲಸವಿದೆ ಅಂದರು. ಆಮೇಲೆ ಮುಕರ್ರಂ ಕರೆದಾಗಲೆಲ್ಲ, “ಬರ್ತೀನಿ, ಬರ್ತೀನಿ,” ಎನ್ನುತ್ತಿದ್ದರು, ಬರುತ್ತಿರಲಿಲ್ಲ.

ಹುಮೇರಾಳಿಗೆ ಗೊತ್ತಿತ್ತು, ತಾನು ಆಡಿಸಿದ್ದು ಎಂಥವರ ಬಾಯಿಂದ ಎಂತಹ ಸುಳ್ಳು ಎಂದು. ಸತ್ತವಳ ಮೈಮೇಲೆ ಕಂಡ ಗಾಯ, ಬರೆ, ಹಳೆಯ ಗುಟ್ಟು ಯಾವುದನ್ನೂ ಬಿಸ್ಮಿಲ್ಲಾ ಬೀ ಪರದೆಯ ಹೊರಗೆ ತಂದವರಲ್ಲ. ಕಿವಿಯೋಲೆ, ಮೂಗುತಿ ಬಿಚ್ಚಿ ಮನೆಯವರ ಕೈಗೆ ಇಡುವವರೂ ಅವರೇ. ಮಾನ್ವಿಯಲ್ಲಿ ಅವರು ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ. ಬಡತನದಲ್ಲಿ ಮಗನನ್ನು ಬೆಳೆಸಿದ ಹೆಂಗಸಿಗೆ ಇದ್ದ ಆಸ್ತಿಯೆಂದರೆ ಆ ಮಾತಿನ ತೂಕ. ಅದು ಒಂದು ಮಂಚಕ್ಕಾಗಿ ಹೋಗಿತ್ತು. ರೊಟ್ಟಿ ಬಡಿಯುವಾಗ, ಬಟ್ಟೆ ಹಿಂಡುವಾಗ, ಮಗಳನ್ನು ತಟ್ಟಿ ಮಲಗಿಸುವಾಗ, ಆ ಸೆರಗು ಹಣೆಗೆ ಇಳಿದದ್ದೇ ಅವಳ ಕಣ್ಣಿಗೆ ಕಟ್ಟುತ್ತಿತ್ತು.

ಮಂಚದ ಕಾಲುಗಳಿಗೆ ಬಣ್ಣ ಹಚ್ಚುವ ಹೊತ್ತಿಗೆ ದೇವದುರ್ಗದಿಂದ ಫೋನು ಬಂತು. ಮಾನ್ವಿಯಲ್ಲಿ ಆತಿಯಾಳ ತಾಯಿ ತೀರಿಕೊಂಡಿದ್ದರು. ಮದುವೆ ಮುಂದಕ್ಕೆ ಹೋಗಿತ್ತು.

“ಹೋಗಿ ಬರಬೇಕು,” ಎಂದ ಮುಕರ್ರಂ. “ನಮ್ಮ ಊರು. ಅವರು ನಮ್ಮ ಗಿರಾಕಿ.”

“ತೊಳಿಯಾಕ ಅಮ್ಮಿನೇ ಬಂದಿರ್ತಾರ,” ಎಂದಳು ಹುಮೇರಾ.

“ಬಂದಿರ್ತಾರ.”

ಮಾನ್ವಿಯ ಬಸ್ಸಿನಲ್ಲಿ ಮಗಳು ತೊಡೆಯ ಮೇಲೆ ನಿದ್ದೆ ಹೋದಳು. ಕಿಟಕಿಯಾಚೆ ಭತ್ತದ ಗದ್ದೆಗಳು ಓಡುತ್ತಿದ್ದವು. ಆತಿಯಾ ಅತ್ತೆಯನ್ನು ಗುರುತಿಸುತ್ತಾಳೆ. ಇಡೀ ಊರಿನ ಹೆಂಗಸರ ಮುಂದೆ ಬಿಸ್ಮಿಲ್ಲಾ ಬೀ ಸುಳ್ಳುಗಾತಿಯಾಗುತ್ತಾರೆ. ಬಸ್ಸು ಎಲ್ಲಾದರೂ ಕೆಟ್ಟು ನಿಲ್ಲಬಾರದೇ ಎಂದುಕೊಂಡಳು ಹುಮೇರಾ. ಹಾಗೆ ಅಂದುಕೊಂಡದ್ದಕ್ಕೂ ನಾಚಿಕೆಯಾಯಿತು.

ಬಸ್ಸು ಕೆಡಲಿಲ್ಲ.

ಸತ್ತವರ ಮನೆಯಲ್ಲಿ ಗಂಡಸರು ಹೊರಗಿನ ಶಾಮಿಯಾನದಲ್ಲಿ ಕುಳಿತಿದ್ದರು. ಮುಕರ್ರಂ ಮಗುವನ್ನು ಎತ್ತಿಕೊಂಡು ಅಲ್ಲೇ ಉಳಿದ. ಹುಮೇರಾ ಒಳಗಿನ ಅಂಗಳಕ್ಕೆ ಹೋದಳು. ಒಂದು ಮೂಲೆಗೆ ಸೀರೆಗಳನ್ನು ಕಟ್ಟಿ ಮರೆ ಮಾಡಿದ್ದರು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಬಾರಿ ಹಣ್ಣಿನ ಗಿಡದ ಎಲೆ ಹಾಕಿದ ನೀರು ಕಾಯುತ್ತಿತ್ತು. ಮರೆಯ ಮುಂದೆ ತೋಳು ಮಡಿಚಿ ನಿಂತಿದ್ದ ಬಿಸ್ಮಿಲ್ಲಾ ಬೀ ಸೊಸೆಯನ್ನು ನೋಡಿದರು, ತಲೆಯಾಡಿಸಿದರು, ನೀರಿನ ಬಿಸಿ ನೋಡಲು ಬಗ್ಗಿದರು.

ಮಸೀದಿಯಿಂದ ಸ್ಟೀಲಿನ ತಖ್ತಾ ಬಂದಿತ್ತು. ಆತಿಯಾ ಅದರ ಅಂಚನ್ನು ಮುಟ್ಟಿದವಳು ಬೆಂಕಿ ಮುಟ್ಟಿದಂತೆ ಕೈ ಹಿಂದಕ್ಕೆ ಎಳೆದುಕೊಂಡಳು.

“ಎಷ್ಟು ತಣ್ಣಗ ಅದ! ಇದರ ಮ್ಯಾಲ ಮಲಗಿಸ್ತೀರೇನು ನಮ್ಮ ಅಮ್ಮಿನ್ನ? ಮರದ ತಖ್ತಾ ಇತ್ತಲ್ಲ, ಅದೆಲ್ಲಿ? ನಮ್ಮ ನಾನಿನ್ನ ಅದರ ಮ್ಯಾಲೇ ಮಲಗಿಸಿದ್ರು. ನನಗ ಅದರ ಮ್ಯಾಲೇ ಸ್ನಾನ ಮಾಡಿಸ್ರಿ ಅಂತ ಅಮ್ಮಿ ಎಷ್ಟು ಸಲ ಅಂದಿದ್ಲು.” ಅಳುತ್ತಲೇ ತಿರುಗಿದ ಆಕೆಯ ಕಣ್ಣು ಬಿಸ್ಮಿಲ್ಲಾ ಬೀ ಮೇಲೆ ನಿಂತಿತು. ಆಮೇಲೆ ಹುಮೇರಾಳ ಮೇಲೆ. “ನೀವು... ರಾಯಚೂರಾಗ ಮಂಚ ಮಾಡೋರ ಮನ್ಯಾಗ ಇದ್ರಿ ಅಲ್ಲೇನ್ರೀ?”

“ಮುಕರ್ರಮನ ತಾಯಿ ಅಲ್ಲೇನು ಈಕಿ! ನಿನಗ ಗೊತ್ತಿಲ್ಲೇನು?” ಎಂದಳು ಗೋಡೆಗೆ ಒರಗಿ ಕುಳಿತಿದ್ದ ಮುದುಕಿಯೊಬ್ಬಳು. “ತಖ್ತಾ ಎಲ್ಲಿ ಹೋತು ಅಂತ ಆಕಿನ್ನೇ ಕೇಳು. ಜಮಾತಿನವರು ಆಕಿಗೇ ಕೊಟ್ಟಾರ.”

ಬಿಸ್ಮಿಲ್ಲಾ ಬೀ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡರು. “ಹಳೇದಾಗಿತ್ತು ಬೀ...” ಎಂದು ಶುರು ಮಾಡಿದರು. ಅವರ ದನಿ ಅರ್ಧಕ್ಕೇ ನಿಂತಿತು. ಇನ್ನೊಂದು ಸುಳ್ಳನ್ನು ತನಗಾಗಿ ಹುಡುಕುತ್ತಿದ್ದಾರೆ ಎಂದು ಹುಮೇರಾಳಿಗೆ ಗೊತ್ತಾಯಿತು. ಅದನ್ನು ನೋಡುತ್ತ ನಿಲ್ಲಲು ಆಗಲಿಲ್ಲ.

“ನಮ್ಮ ಮನ್ಯಾಗ ಅದ,” ಎಂದಳು. “ನೀವು ಮುಟ್ಟಿ ನೋಡಿದ್ರಲ್ಲ, ಮಷೀನಿನ ಹಲಗಿ. ಅದೇ. ಕೊಯ್ದು ಹಾಕೀವಿ. ಬಾಗ್ಲದ್ದು ಅಂತ ಸುಳ್ಳು ಹೇಳಿದಾಕಿ ನಾನು. ಅಮ್ಮಿ ಸುಳ್ಳಾಡಿದ್ದು ನನ್ನ ಸಲುವಾಗಿ. ನಾನೇ ಬಾಯಿ ಕಟ್ಟಿದ್ದೆ.”

ಆತಿಯಾಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. “ಅದರ ಮ್ಯಾಲ ನಾ ಮಿಠಾಯಿ ಇಟ್ಟೆ.”

“ಹೌದ್ರಿ.”

“ನೀವು ನೋಡಿಕೋತ ನಿಂತಿದ್ರಿ.”

“ನಿಮಗ ಅಸಹ್ಯ ಆಗ್ತದ ಅಂತ... ಗೊತ್ತಾದ್ರ ಮಂಚ ಬ್ಯಾಡ ಅಂತೀರಿ ಅಂತ...”

“ನಮ್ಮ ನಾನಿ ಮಲಗಿದ ಹಲಗಿ ಕಂಡು ನನಗ ಅಸಹ್ಯ ಆಗ್ತದೇನು?” ಆತಿಯಾ ದನಿ ಏರಿಸಲಿಲ್ಲ. “ಅಸಹ್ಯ ನಿನಗಿತ್ತು. ನನ್ನ ಹೆಸರು ಹೇಳಬ್ಯಾಡ.”

ಅದು ನಿಜವಾಗಿತ್ತು. ಕಾಗದದ ತುದಿಯನ್ನು ಉಗುರಿನಲ್ಲಿ ಹಿಡಿದಿದ್ದ ಬೆರಳುಗಳನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯದೆ ಬುರ್ಖಾದ ಮಡಿಕೆಯಲ್ಲಿ ಮುದುರಿದಳು. ಸುತ್ತಲಿನ ಹೆಂಗಸರಲ್ಲಿ ಒಬ್ಬಳು ಗೊಣಗಿದಳು, ಇನ್ನೊಬ್ಬಳು ತಲೆ ತಿರುಗಿಸಿಕೊಂಡಳು. ಮುದುಕಿ ಮಾತ್ರ, “ಅಂತೂ ಬಿಸ್ಮಿಲ್ಲಾ ಬೀ ಬಾಯಿಂದನೂ ಒಂದು ಸುಳ್ಳು ಬಂತು ಅನ್ನು,” ಎಂದಳು. ನಗಲಿಲ್ಲ.

“ಬಂತು ಆಪಾ,” ಎಂದರು ಬಿಸ್ಮಿಲ್ಲಾ ಬೀ. “ಬಂದದ್ದು ಬಂತು. ಅಲ್ಲಾಹ್‌ನ ಮುಂದ ಅದಕ್ಕ ನಾನೇ ಜವಾಬ್ ಕೊಡ್ತೀನಿ.” ಆತಿಯಾಳ ಕಡೆ ತಿರುಗಿದರು. “ಮೊದಲ ಬಿಸಿನೀರು ಹಾಕಿ ಇದನ್ನ ಬೆಚ್ಚಗ ಮಾಡ್ತೀನಿ. ಆಮ್ಯಾಲೇ ನಿಮ್ಮ ಅಮ್ಮಿನ್ನ ಮಲಗಿಸೋದು. ತಣ್ಣಗ ಹತ್ತಲಾರದಂಗ ನೋಡ್ಕೋತೀನಿ. ನನ್ನ ಮಾತಿನ ಮ್ಯಾಲ ಇನ್ನೂ ಭರೋಸಾ ಇದ್ರ ಹೂಂ ಅನ್ನು. ಇಲ್ಲಂದ್ರ ಸಿರವಾರದಿಂದ ಬ್ಯಾರೇಯವರನ್ನ ಕರೆಸ್ರಿ, ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ.”

ಊರಲ್ಲಿ ತನ್ನ ಮೇಲೆ ಭರೋಸಾ ಇದೆಯೇ ಎಂದು ಕೇಳಬೇಕಾದ ದಿನ ಅವರಿಗೆ ಹಿಂದೆಂದೂ ಬಂದಿರಲಿಲ್ಲ. ಹುಮೇರಾ ನೆಲ ನೋಡುತ್ತ ನಿಂತಳು.

ಆತಿಯಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಬಳೆಗಳನ್ನು ಮೇಲಕ್ಕೆ ಸರಿಸಿ, “ನಾನೂ ಒಳಗ ಬರ್ತೀನಿ ಖಾಲಾ. ಹ್ಯಾಂಗ ಹಿಡೀಬೇಕು ಹೇಳ್ರಿ,” ಎಂದು ಮರೆಯೊಳಗೆ ಹೋದಳು.

ಹುಮೇರಾ ಅವರ ಹಿಂದೆಯೇ ಹೆಜ್ಜೆಯಿಟ್ಟಳು. ಬಿಸ್ಮಿಲ್ಲಾ ಬೀ ಸೀರೆಯ ಅಂಚನ್ನು ಹಿಡಿದು ತಡೆದರು.

“ನೀ ಬ್ಯಾಡ ಬೇಟಾ.”

“ನಾನೂ ಕಲೀತೀನಿ ಅಮ್ಮೀ. ನೀರು ಹಾಕ್ತೀನಿ.”

“ತಪ್ಪಿನ ನಾಚಿಕೀಗಿ ಸತ್ತವರನ್ನ ಮುಟ್ಟಾಕ ಹೋಗಬಾರ್ದು. ಆಕಿಗೆ ಮಗಳ ಕೈ ಸಿಕ್ಕದ, ಸಾಕು. ನೀ ನೀರು ತುಂಬಿ ಕೊಡು. ಅಲ್ಲೇ ನಿಂದ್ರು.”

ಸೀರೆ ಬಿತ್ತು. ಒಳಗೆ ಸ್ಟೀಲಿನ ಮೇಲೆ ನೀರು ಸುರಿದ ಸದ್ದು, ಅತ್ತೆಯ ತಗ್ಗಿದ ದನಿ. ಅಲ್ಲಿ ಹಿಡಿ, ಮೆಲ್ಲಕ, ತಲಿಗೆ ಕೈ ಕೊಡು. ಹುಮೇರಾ ಒಲೆಯ ಹತ್ತಿರ ಹೋಗಿ ಬಿಂದಿಗೆ ತುಂಬಿದಳು, ತಣ್ಣೀರು ಬೆರೆಸಿದಳು. ಮೊಣಕೈ ಅದ್ದಿ, ಮಗಳ ಸ್ನಾನದ ನೀರನ್ನು ನೋಡುವ ಹಾಗೆ ನೋಡಿದಳು. ಇನ್ನೂ ಸ್ವಲ್ಪ ಬಿಸಿ ಅನ್ನಿಸಿ ಮತ್ತೆ ಬೆರೆಸಿದಳು. ಅಂಗಳದ ಹೆಂಗಸರು ನೋಡುತ್ತಿದ್ದರು. ನೋಡಲಿ ಎಂದು ಅವಳು ಅಂದುಕೊಳ್ಳಲಿಲ್ಲ. ಅಷ್ಟು ಧೈರ್ಯ ಅವಳಿಗಿರಲಿಲ್ಲ. ತಲೆ ತಗ್ಗಿಸಿಯೇ ಬಿಂದಿಗೆ ಹೊತ್ತು ಮರೆಯವರೆಗೆ ನಡೆದಳು.

ಸೀರೆಯ ಸಂದಿನಿಂದ ಒಂದು ಒದ್ದೆ ಕೈ ಹೊರಬಂತು. ಬಳೆಗಳಿದ್ದ ಕೈ. ಬಿಂದಿಗೆಯನ್ನು ತೆಗೆದುಕೊಂಡು ಒಳಗೆ ಹೋಯಿತು. ಹುಮೇರಾ ಅಲ್ಲೇ ನಿಂತಳು. ಸ್ವಲ್ಪ ಹೊತ್ತಿಗೆ ಖಾಲಿ ಬಿಂದಿಗೆ ಸೀರೆಯ ಕೆಳಗಿನಿಂದ ನೆಲದ ಮೇಲೆ ಜಾರಿ ಬಂತು.

“ಇನ್ನೊಂದು,” ಎಂದಿತು ಆತಿಯಾಳ ದನಿ.